ಮೂಗು ಕಟ್ಟಿದಾಗ ಬಳಸುವ ಇನ್ಹೇಲರ್ ಮತ್ತು ಹನಿ ಔಷಧಿ

ಚಳಿ ಬೀಳುವ ದಿನಗಳಲ್ಲಿ ನೆಗಡಿ ಕಾಣದ ಮನೆ ಅಪರೂಪ. ಮೂಗು ಕಟ್ಟಿ ನಿದ್ರೆ ಬಾರದಾದಾಗ ಇನ್ಹೇಲರನ್ನಾಗಲಿ, ಮೂಗಿಗೆ ಬಿಡುವ ಹನಿ ಔಷಧಿಯನ್ನಾಗಲಿ ಅಂಗಡಿಯಿಂದ ತಂದು ಬಳಸುವುದು ಹಳ್ಳಿಗಳಲ್ಲಿಯೂ ರೂಢಿಯಾಗಿದೆ. ಇವೆರಡೂ ಒಂದೇ ಎಂದು ಅನೇಕರು ಭಾವಿಸುತ್ತಾರೆ. ಆದರೆ ಇವುಗಳ ಕ್ರಿಯೆ ಬೇರೆ, ಅಪಾಯವೂ ಬೇರೆ.

ಮೂಗು ಕಟ್ಟುವುದು ಕೇವಲ ಸಿಂಬಳದಿಂದಲ್ಲ. ಮೂಗಿನ ಒಳಪದರದ ಸೂಕ್ಷ್ಮ ರಕ್ತನಾಳಗಳು ರಕ್ತ ತುಂಬಿ ಹಿಗ್ಗಿದಾಗ ಪದರವು ಊದಿಕೊಂಡು ಉಸಿರಿನ ದಾರಿ ಕಿರಿದಾಗುತ್ತದೆ. ಎಷ್ಟು ಸಿಂಬಳ ತೆಗೆದರೂ ಮೂಗು ಬಿಡದಿರುವುದಕ್ಕೆ ಇದೇ ಕಾರಣ.

ಜೇಬಿನಲ್ಲಿಟ್ಟುಕೊಳ್ಳುವ ಇನ್ಹೇಲರಿನಲ್ಲಿ ನಮ್ಮ ದೇಶದಲ್ಲಿ ಸಾಮಾನ್ಯವಾಗಿ ಮೆಂಥಾಲ್ ಮತ್ತು ಕರ್ಪೂರ ಇರುತ್ತವೆ. ಮೆಂಥಾಲ್ ಮೂಗಿನಲ್ಲಿ ತಂಪಿನ ಅನುಭವವನ್ನು ಉಂಟುಮಾಡುವುದರಿಂದ ಗಾಳಿ ಸರಾಗವಾಗಿ ಆಡುತ್ತಿರುವಂತೆ ಭಾಸವಾಗುತ್ತದೆ. ಊತ ಮಾತ್ರ ಇಳಿದಿರುವುದಿಲ್ಲ. ದೊಡ್ಡವರು ಮಿತವಾಗಿ ಬಳಸಿದರೆ ಕೇಡಿಲ್ಲ. ಆದರೆ ಒಬ್ಬರು ಮೂಗಿಗೆ ಇಟ್ಟುದನ್ನು ಇನ್ನೊಬ್ಬರು, ಪತಿಪತ್ನಿಯರೇ ಆದರೂ, ಬಳಸಕೂಡದು.

ಕ್ಸೈಲೋಮೆಟಾಜೋಲಿನ್, ಆಕ್ಸಿಮೆಟಾಜೋಲಿನ್ ಎಂಬ ಔಷಧಿಗಳಿರುವ ಹನಿಗಳು ರಕ್ತನಾಳಗಳನ್ನು ನಿಜವಾಗಿಯೂ ಸಂಕುಚಿಸುತ್ತವೆ. ಕೆಲವೇ ನಿಮಿಷಗಳಲ್ಲಿ ಮೂಗು ತೆರೆದು, ಹಲವು ಗಂಟೆಗಳ ಕಾಲ ಹಾಗೆಯೇ ಇರುತ್ತದೆ. ತೊಡಕು ಇರುವುದು ಈ ಸುಖದಲ್ಲಿಯೇ. ದಿನಗಟ್ಟಲೆ ಬಳಸಿದಾಗ ಔಷಧಿಯ ಪ್ರಭಾವ ತಗ್ಗಿದೊಡನೆ ರಕ್ತನಾಳಗಳು ಮೊದಲಿಗಿಂತಲೂ ಹೆಚ್ಚಾಗಿ ಹಿಗ್ಗುತ್ತವೆ. ಮೂಗು ಮತ್ತೆ ಕಟ್ಟುತ್ತದೆ, ಮತ್ತೆ ಹನಿ ಬೇಕೆನಿಸುತ್ತದೆ. ನೆಗಡಿ ಎಂದೋ ವಾಸಿಯಾಗಿದ್ದರೂ "ಹನಿ ಬಿಡದೆ ಮಲಗಲಾರೆ" ಎನ್ನುವವರು ಆಸ್ಪತ್ರೆಗೆ ಬರುವುದುಂಟು. ಅವರ ಈಗಿನ ಕಾಯಿಲೆಗೆ ಆ ಸೀಸೆಯೇ ಮೂಲ! ಆದುದರಿಂದ 3 ದಿನ, ಹೆಚ್ಚೆಂದರೆ 5 ದಿನ ಬಳಸಿ ನಿಲ್ಲಿಸಿರಿ. ಈಗಾಗಲೇ ಅಭ್ಯಾಸವಾಗಿದ್ದರೆ ಮೊದಲು ಒಂದು ಹೊಳ್ಳೆಗೆ ಬಿಡುವುದನ್ನು ನಿಲ್ಲಿಸಿ, ಅದು ಸರಿಹೋದ ಮೇಲೆ ಇನ್ನೊಂದಕ್ಕೂ ನಿಲ್ಲಿಸಬಹುದು. ಮೊದಲ ಕೆಲವು ದಿನ ಕಷ್ಟವೆನಿಸುತ್ತದೆ. ವೈದ್ಯರು ಅದಕ್ಕೆ ಬೇರೆ ಔಷಧಿ ಕೊಡಬಲ್ಲರು.

ಮೂಗಿಗೆ ಬಿಟ್ಟ ಔಷಧಿ ಸ್ವಲ್ಪಮಟ್ಟಿಗೆ ರಕ್ತಕ್ಕೂ ಸೇರುತ್ತದೆ. ಅಧಿಕ ರಕ್ತದೊತ್ತಡ, ಹೃದಯದ ಕಾಯಿಲೆ ಅಥವಾ ಥೈರಾಯಿಡ್ ತೊಂದರೆ ಇರುವವರು ವೈದ್ಯರನ್ನು ಕೇಳದೆ ಬಳಸಬಾರದು. ಎದೆ ಡವಗುಟ್ಟುವುದು, ತಲೆನೋವು, ನಿದ್ರೆ ಬಾರದಿರುವುದು ಕಂಡರೆ ಕೂಡಲೇ ನಿಲ್ಲಿಸತಕ್ಕದ್ದು.

ಗರ್ಭಿಣಿಯರಿಗೆ ನೆಗಡಿಯಿಲ್ಲದೆಯೂ ವಾರಗಟ್ಟಲೆ ಮೂಗು ಕಟ್ಟಬಹುದು. ಹೆರಿಗೆಯಾದ ಸುಮಾರು ಎರಡು ವಾರಗಳೊಳಗೆ ಇದು ತಾನಾಗಿ ಹೋಗುತ್ತದೆ. ವಾರಗಟ್ಟಲೆ ಇರುವ ಈ ತೊಂದರೆಗೆ ಹನಿ ಹಾಕಿಕೊಳ್ಳತೊಡಗಿದರೆ ಅಭ್ಯಾಸಕ್ಕೆ ಬೀಳುವುದು ಸುಲಭ. ತಲೆಯ ಕಡೆ ಎತ್ತರಿಸಿ ಮಲಗುವುದು, ಉಪ್ಪುನೀರಿನ ಹನಿ ಬಿಟ್ಟುಕೊಳ್ಳುವುದು ಲೇಸು.

ಹಸುಗೂಸುಗಳ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ದೊಡ್ಡವರ ಹನಿ ಔಷಧಿ ಕೂಸಿಗೆ ಬಿದ್ದರೆ ಮಂಪರು ಕವಿದು, ಮೈ ತಣ್ಣಗಾಗಿ, ಉಸಿರು ನಿಧಾನವಾಗಬಹುದು. ಕರ್ಪೂರವೂ ಅಷ್ಟೇ. ಎರಡು ವರ್ಷದೊಳಗಿನ ಮಗುವಿನ ಮೂಗಿಗೆ ಇನ್ಹೇಲರ್ ಹಿಡಿಯುವುದು, ಮೂಗಿನ ಬಳಿ ಮುಲಾಮು ಸವರುವುದು, ಕೊಬ್ಬರಿ ಎಣ್ಣೆಯಲ್ಲಿ ಕರ್ಪೂರ ಕಾಯಿಸಿ ಎದೆಗೆ ತಿಕ್ಕುವುದು ಬೇಡ. ಅಜ್ಜಿಯರು ಪ್ರೀತಿಯಿಂದಲೇ ಮಾಡುತ್ತಾರೆ; ಅವರಿಗೆ ಸಮಾಧಾನದಿಂದ ತಿಳಿಸಿರಿ. ಕರ್ಪೂರ ಮಗುವಿನ ಹೊಟ್ಟೆಗೆ ಹೋದರೆ ಫಿಟ್ಸ್ ಬರಬಹುದು. ಆದುದರಿಂದ ದೇವರ ಗೂಡಿನಲ್ಲಿಯೂ ಅದನ್ನು ಮಗುವಿನ ಕೈಗೆ ಎಟುಕದಂತೆ ಇಡಬೇಕು.

ಕೂಸಿನ ಮೂಗು ಕಟ್ಟಿದರೆ ಅದು ಮೊಲೆಯುಣ್ಣಲು ಕಷ್ಟಪಡುತ್ತದೆ. ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಚಹಾ ಚಮಚದಲ್ಲಿ ಒಂದೂವರೆ ಮಟ್ಟಸ ಚಮಚ, ಅಂದರೆ ಸುಮಾರು 9 ಗ್ರಾಂ, ಪುಡಿ ಉಪ್ಪು ಕರಗಿಸಿ, ಹಾಲೂಡಿಸುವ ಮೊದಲು ಪ್ರತಿ ಹೊಳ್ಳೆಗೆ ಒಂದೆರಡು ಹನಿ ಬಿಡಿರಿ. ಈ ನೀರನ್ನು ಪ್ರತಿದಿನ ಹೊಸದಾಗಿ ತಯಾರಿಸಬೇಕು. ಎರಡು ತಿಂಗಳೊಳಗಿನ ಕೂಸು ನಿಮಿಷಕ್ಕೆ 60 ಅಥವಾ ಅದಕ್ಕಿಂತ ಹೆಚ್ಚು ಸಲ ಉಸಿರಾಡುತ್ತಿದ್ದರೆ, ಅಥವಾ ಯಾವ ವಯಸ್ಸಿನ ಮಗುವಿಗಾದರೂ ಉಸಿರೆಳೆಯುವಾಗ ಪಕ್ಕೆ ಒಳಸೆಳೆಯುತ್ತಿದ್ದರೆ, ಮೊಲೆ ಹಿಡಿಯದಿದ್ದರೆ, ಅದು ಬರಿಯ ನೆಗಡಿಯಲ್ಲ. ಬೆಳಗಾಗಲೆಂದು ಕಾಯದೆ 108ಕ್ಕೆ ಕರೆಮಾಡಿ ಆಸ್ಪತ್ರೆಗೆ ಕರೆತನ್ನಿರಿ. ಏನಾದರೂ ಔಷಧಿ ಹಾಕಿದ್ದರೆ ಆ ಸೀಸೆಯನ್ನೂ ಜೊತೆಗೆ ತನ್ನಿರಿ.