ವೀರಗಲ್ಲಿನ ಜಾಡು ಹಿಡಿದು ಗ್ರಂಥಾಲಯಕ್ಕೆ

ಸೊರಬ ಸೀಮೆಯಲ್ಲಿ ವೀರಗಲ್ಲಿಲ್ಲದ ಊರನ್ನು ಹುಡುಕಬೇಕು. ಅಂಥದೊಂದು ಊರಿನಿಂದ ಬಿ.ಎ. ಓದಲು ಬಂದ ಹುಡುಗಿ, ‘ನಮ್ಮೂರ ಕಲ್ಲಿನ ಮೇಲೆ ಏನು ಬರೆದಿದೆ?’ ಎಂದು ಕೇಳುತ್ತಾಳೆ ಅಂದುಕೊಳ್ಳಿ. ತರಗತಿಯಲ್ಲಿ ಅದಕ್ಕೆ ಪುರುಸೊತ್ತಿಲ್ಲ, ಪಠ್ಯದಲ್ಲಿ ಅದಕ್ಕೆ ಜಾಗವಿಲ್ಲ. ಆ ಪ್ರಶ್ನೆಗೆ ಕಾಲೇಜಿನಲ್ಲಿ ಇರುವುದು ಒಂದೇ ವಿಳಾಸ: ಗ್ರಂಥಾಲಯ.

ಬಿ.ಎಲ್. ರೈಸ್ 1886ರಲ್ಲಿ ಹೊರತರಲು ಆರಂಭಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ ಮಾಲೆಯ 8ನೇ ಸಂಪುಟದಲ್ಲಿ ಸೊರಬ, ಸಾಗರ, ನಗರ, ತೀರ್ಥಹಳ್ಳಿ ತಾಲ್ಲೂಕುಗಳ ಶಾಸನಗಳಿವೆ. ತಾಲ್ಲೂಕುವಾರು ಸಂಖ್ಯೆ, ಊರಿನ ಹೆಸರು, ಕನ್ನಡ ಲಿಪಿಯಲ್ಲಿ ಶಾಸನಪಾಠ, ಇಂಗ್ಲಿಷಿನಲ್ಲಿ ಅದರ ತಾತ್ಪರ್ಯ. ಸಂಪುಟವನ್ನು ಕೈಗಿಟ್ಟು ಸುಮ್ಮನಾಗುವವರು ಗ್ರಂಥಪಾಲಕರಲ್ಲ. ಯಾವ ಅರಸರ ಕಾಲದ್ದು? ತುರು ಕಾಯಲು ಹೋಗಿ ಸತ್ತವನ ಕಲ್ಲೋ, ಯುದ್ಧದಲ್ಲಿ ಮಡಿದವನದೋ? ಒಂದೇ ಊರಿನದು ಸಾಕೇ, ಹೋಬಳಿಯದು ಬೇಕೇ? ಹೀಗೆ ಕೇಳುತ್ತ ಕೇಳುತ್ತ ಹುಡುಗಿಯ ಕುತೂಹಲಕ್ಕೆ ಅವರು ಒಂದು ಎಲ್ಲೆ ಹಾಕಿಕೊಡುತ್ತಾರೆ. ಹಳಗನ್ನಡದ ಪದ ಎದುರಾದರೆ ಕನ್ನಡ ಸಾಹಿತ್ಯ ಪರಿಷತ್ತಿನ 8 ಸಂಪುಟಗಳ ನಿಘಂಟು, ಜಿಲ್ಲೆಯ ಚರಿತ್ರೆಗೆ ಗೆಜೆಟಿಯರ್, ಇದೇ ವಿಷಯದಲ್ಲಿ ಪಿಎಚ್.ಡಿ. ಮಾಡಿದವರಿದ್ದಾರೆಯೇ ಎಂದು ನೋಡಲು ‘ಶೋಧಗಂಗಾ’. ದೇಶದ ವಿಶ್ವವಿದ್ಯಾಲಯಗಳ ಮಹಾಪ್ರಬಂಧಗಳನ್ನು ಅಲ್ಲಿ ಯಾರು ಬೇಕಾದರೂ ಹಣ ಕೊಡದೆ ಓದಬಹುದು. ನನ್ನ ಮಟ್ಟಿಗೆ ಸಂಶೋಧನೆ ಎಂಬುದು ಶುರುವಾಗುವುದೇ ಈ ಮೇಜಿನ ಎದುರಿನ ಮಾತುಕತೆಯಲ್ಲಿ.

ಈ ಕೆಲಸಕ್ಕೆ ಶಾಸ್ತ್ರದ ಗೌರವ ತಂದವರು ಎಸ್.ಆರ್. ರಂಗನಾಥನ್. 1917ರಲ್ಲಿ ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ ಗಣಿತ ಕಲಿಸಲು ಸೇರಿದ ಅವರು 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. ಪುಸ್ತಕಗಳಿರುವುದು ಬಳಕೆಗೆ ಎಂಬುದು 1931ರಲ್ಲಿ ಅವರು ಪ್ರಕಟಿಸಿದ ಪಂಚಸೂತ್ರಗಳಲ್ಲಿ ಮೊದಲನೆಯದು. ಮುಂದೆ ಬೆಂಗಳೂರಿಗೆ ಬಂದು ನೆಲೆಸಿ, 1962ರಲ್ಲಿ ಇಲ್ಲಿ ದಾಖಲೀಕರಣ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಕಟ್ಟಿದರು. ಅವರ ಜನ್ಮದಿನವೆಂದು ಆಗಸ್ಟ್ 12ನ್ನು ಗ್ರಂಥಪಾಲಕರ ದಿನವಾಗಿ ಆಚರಿಸುತ್ತೇವೆ.

ಆಚರಿಸಿದರೆ ಸಾಲದು. ಓದುಗರು ತಾವೇ ಕಪಾಟಿನ ಬಳಿ ಹೋಗಬೇಕೆಂಬುದು ರಂಗನಾಥನ್ ಅವರ ಹಟವಾಗಿತ್ತು. ಎಷ್ಟೋ ಕಾಲೇಜುಗಳಲ್ಲಿ ಇವತ್ತಿಗೂ ಚೀಟಿ ಬರೆದು ಕೌಂಟರಿನಲ್ಲಿ ಕಾಯಬೇಕು. ಹೆಸರೇ ಗೊತ್ತಿಲ್ಲದ ಪುಸ್ತಕವನ್ನು ಚೀಟಿಯಲ್ಲಿ ಹೇಗೆ ಬರೆಯುವುದು? ಡ್ಯೂಯಿ ವರ್ಗೀಕರಣದಲ್ಲಿ 954.87 ಕರ್ನಾಟಕದ ಇತಿಹಾಸ, 894.814 ಕನ್ನಡ ಸಾಹಿತ್ಯ. ಬೆನ್ನಿನ ಮೇಲಿನ ಈ ಸಂಖ್ಯೆ ಒಂದೇ ವಿಷಯದ ಪುಸ್ತಕಗಳನ್ನು ಒಟ್ಟಿಗೆ ಕೂರಿಸುವುದು, ಒಂದನ್ನು ಹುಡುಕಿ ಬಂದವರಿಗೆ ಪಕ್ಕದ್ದೂ ಕಣ್ಣಿಗೆ ಬೀಳಲೆಂದು. ಕಪಾಟಿಗೆ ಬೀಗ ಹಾಕಿದರೆ ಅಷ್ಟೂ ಶ್ರಮ ವ್ಯರ್ಥ. ನಾಲ್ಕು ಪುಸ್ತಕ ಕಳೆದರೂ ಚಿಂತೆಯಿಲ್ಲ, ಕಪಾಟು ತೆರೆದಿರಲಿ.

ಪರೀಕ್ಷೆಯ ಹೊತ್ತಿಗೆ ಪಠ್ಯಪುಸ್ತಕ, ಹಳೆಯ ಪ್ರಶ್ನೆಪತ್ರಿಕೆ ಸಿಗುವುದು ಎಲ್ಲರಿಗೂ ಗೊತ್ತು. ಅನೇಕರಿಗೆ ಗೊತ್ತಿಲ್ಲದ್ದು ‘ಎನ್-ಲಿಸ್ಟ್’. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ನಡೆಸುವ ಈ ಯೋಜನೆಗೆ ಕಾಲೇಜು ಸದಸ್ಯನಾಗಿದ್ದರೆ, ಸಾವಿರಾರು ವಿದ್ವತ್ ಪತ್ರಿಕೆಗಳೂ ಲಕ್ಷಗಟ್ಟಲೆ ಇ-ಪುಸ್ತಕಗಳೂ ವಿದ್ಯಾರ್ಥಿಯ ಮನೆಯಲ್ಲೇ ತೆರೆದುಕೊಳ್ಳುತ್ತವೆ. ಬೇಕಿರುವುದು ಗ್ರಂಥಪಾಲಕರು ಮಾಡಿಕೊಡುವ ಬಳಕೆದಾರ ಖಾತೆ ಮಾತ್ರ. ಆದರೆ ಗ್ರಂಥಪಾಲಕರ ಹುದ್ದೆಯೇ ಖಾಲಿ ಬಿದ್ದಲ್ಲಿ ಖಾತೆ ಮಾಡಿಕೊಡುವವರು ಯಾರು? ಹೊಸ ಕಟ್ಟಡಕ್ಕಿಂತ ಮೊದಲು ತುಂಬಬೇಕಾದದ್ದು ಆ ಕುರ್ಚಿ.

ಇನ್ನೊಂದು ಕೆಲಸವನ್ನು ಪ್ರತಿ ಕಾಲೇಜೂ ಖರ್ಚಿಲ್ಲದೆ ಮಾಡಬಹುದು. ವಿದ್ಯಾರ್ಥಿಗಳ ಕಿರುಸಂಶೋಧನಾ ವರದಿಗಳು ಅಂಕ ಬಿದ್ದ ಮೇಲೆ ಬೀರುವಿನಡಿ ಕೊಳೆಯುತ್ತವೆ. ಅವುಗಳಲ್ಲಿ ಒಳ್ಳೆಯವನ್ನು ಆರಿಸಿ ದಾಖಲಾತಿ ಸಂಖ್ಯೆ ಕೊಟ್ಟು, ವಿಷಯವಾರು ಸೂಚಿಗೆ ಸೇರಿಸಬೇಕು. ಸೊರಬದ ಹುಡುಗಿ ಕಲ್ಲಿನ ಚಿತ್ರ ತೆಗೆದು, ರೈಸ್ ಓದಿದ ಪಾಠದೊಂದಿಗೆ ಹೋಲಿಸಿ, ಈಗ ಯಾವ ಸಾಲುಗಳು ಸವೆದಿವೆ ಎಂದು ಗುರುತಿಸಿದ್ದರೆ, ಆ ವರದಿಯೂ 954.87ರ ಸಾಲಿಗೇ ಸೇರಬೇಕು.