ಘಟ್ಟದ ಲಾರಿ, ಕಿವಿಯ ಮೊರೆತ, ತಲೆಗೊಂದು ಮ್ಯಾಗ್ನೆಟ್

ದಿಂಬಂ ಘಟ್ಟದ 27 ತಿರುವುಗಳಲ್ಲಿ ಲಾರಿ ಹತ್ತಿಸಿ ಇಳಿಸಿಯೇ ಹರೆಯ ಕಳೆದವರು ಅವರು. ತಾಳವಾಡಿ ಕಡೆಯವರು. ಸ್ಟೇರಿಂಗ್ ಈಗ ಮಗನ ಕೈಯಲ್ಲಿದೆ. ಘಟ್ಟದ ಮೇಲಿನ ಟೀ ಅಂಗಡಿಯಲ್ಲಿ ಸಿಕ್ಕಾಗ ಮಾತು ಆನೆ, ಹುಲಿ ಎಲ್ಲ ದಾಟಿ ಕಿವಿಗೆ ಬಂತು. "ಹಗ್ಲೊತ್ತು ಅಷ್ಟಾಗಿ ಗೊತ್ತಾಗಲ್ಲ ಸಾ. ರಾತ್ರಿ ಮಲಗುದ್ರೆ ಸಾಕು, ಗುಂಯ್ ಅಂತ ಸುರು." ಮಗ ಫೋನಿನಲ್ಲಿ ಯಾವುದೋ ವಿಡಿಯೊ ತೋರಿಸಿದ್ದನಂತೆ. "ತಲೆಗೆ ಮ್ಯಾಗ್ನೆಟ್ ಹಿಡುದ್ರೆ ನಿಂತೋಯ್ತದಂತೆ, ದಿಟವಾ?"

ಆ ಪ್ರಶ್ನೆ ನನ್ನ ಬೆನ್ನು ಬಿಟ್ಟಿಲ್ಲ. ಮದ್ರಾಸ್ ಹೈಕೋರ್ಟ್ ಆದೇಶದಂತೆ 2022ರ ಫೆಬ್ರುವರಿಯಲ್ಲಿ ಈ ಘಟ್ಟದ ರಾತ್ರಿ ಸಂಚಾರಕ್ಕೆ ಕಡಿವಾಣ ಬಿದ್ದು ರಾತ್ರಿ ಸದ್ದಡಗಿದ್ದು ಕಾಡಿಗೆ ದೊಡ್ಡ ಉಪಕಾರ. ಮೊರೆಯುವ ಕಿವಿಗಾದರೋ ನಿಶ್ಶಬ್ದವೇ ಕಷ್ಟ. 1953ರಲ್ಲಿ ಹೆಲ್ಲರ್ ಮತ್ತು ಬರ್ಗ್‌ಮನ್ ಎಂಬ ಸಂಶೋಧಕರು ಕಿವಿ ನೆಟ್ಟಗಿದ್ದ 80 ಮಂದಿಯನ್ನು ಸದ್ದು ನುಸುಳದ ಕೋಣೆಯಲ್ಲಿ ಕೂರಿಸಿದಾಗ ಶೇ 94ರಷ್ಟು ಜನರಿಗೆ ಏನೋ ಒಂದು ಸದ್ದು ಕೇಳಿಸಿತ್ತು.

ಇಂಜಿನ್, ಹಾರ್ನ್ ಸದ್ದಿಗೆ ಒಳಗಿವಿಯ ರೋಮಕೋಶಗಳು ಹಾಳಾದರೆ ಕೆಲವು ಸ್ವರಗಳು ಮಿದುಳಿಗೆ ಮುಟ್ಟುವುದಿಲ್ಲ. ಕೊರತೆ ತುಂಬಲು ಮಿದುಳು ತನ್ನ ವಾಲ್ಯೂಮ್ ಏರಿಸಿಕೊಳ್ಳುತ್ತದೆ ಎಂಬ ವಿವರಣೆಯನ್ನು ಬಹಳ ತಜ್ಞರು ಒಪ್ಪುತ್ತಾರೆ. ಮ್ಯಾಗ್ನೆಟ್ ಮಾತು ಬಂದದ್ದು ಇಲ್ಲಿಂದಲೇ. ತಾಮ್ರದ ಸುರುಳಿಯಲ್ಲಿ ಕ್ಷಣಮಾತ್ರ ಭಾರಿ ವಿದ್ಯುತ್ ಹರಿಸಿ, ತಲೆ ಕೊಯ್ಯದೆ ಮಿದುಳನ್ನು ಮಿಡಿಸಬಹುದೆಂದು ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಆಂಟನಿ ಬಾರ್ಕರ್ ತಂಡ 1985ರಲ್ಲಿ ತೋರಿಸಿತು. ಸೆಕೆಂಡಿಗೊಂದರಂತೆ ನಿಧಾನವಾಗಿ ಮಿಡಿಸಿದರೆ ಆ ಜಾಗದ ಉದ್ರೇಕ ತಗ್ಗುತ್ತದೆ ಎಂಬ ನಂಬಿಕೆಯ ಮೇಲೆ ಕಿವಿಮೊರೆತದ ಪ್ರಯೋಗಗಳು ನಡೆದವು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಸುರುಳಿಯ ಸದ್ದು. ಪ್ರತಿ ಮಿಡಿತಕ್ಕೂ ಕಾಂತಬಲಕ್ಕೆ ತಂತಿಯೇ ಅದುರಿ ಜೋರಾಗಿ 'ಟಕ್' ಅನ್ನುತ್ತದೆ. ಕಿವಿಯ ಸದ್ದಿಗೆ ಮದ್ದು ಕೇಳಿ ಬಂದವರ ಕಿವಿಗೆ ಮೊದಲು ಇಯರ್‌ಪ್ಲಗ್ ಹಾಕಬೇಕು! ಒಂದು ಕೂರಿಕೆಯಲ್ಲಿ 2000 ಮಿಡಿತವೆಂದರೆ ಅರ್ಧ ಗಂಟೆಗೂ ಮೀರಿ ಟಕ್ ಟಕ್. ಹೋಲಿಕೆಗೆಂದು ಇಡುವ ನಕಲಿ ಸುರುಳಿಯೂ ಅದೇ ಸದ್ದು ಮಾಡಬೇಕು, ನೆತ್ತಿಯ ಮೇಲೆ ಅದೇ ಚುರುಕು ಮುಟ್ಟಿಸಬೇಕು. ಇಲ್ಲವಾದರೆ ರೋಗಿಗೆ ಗುಟ್ಟು ತಿಳಿದುಬಿಡುತ್ತದೆ. ಸದ್ದು ಮಾಡಿತೆನ್ನಿ, ಶಾಂತವಾಗಿಸಬೇಕಿದ್ದ ಮಿದುಳಿನ ಶ್ರವಣ ಭಾಗವನ್ನು ಆ ಸದ್ದೇ ಕೆಣಕುತ್ತದೆ. ಸದ್ದನ್ನು ಸದ್ದಿನ ನಡುವೆ ಅಳೆಯುವ ಈ ಪಾಡು ಬೇರಾವ ಕಾಯಿಲೆಯ ಸಂಶೋಧನೆಗೂ ಇಷ್ಟು ತೊಡಕಾಗಿರಲಾರದು ಅನಿಸುತ್ತದೆ.

ಅಮೆರಿಕದ ಪೋರ್ಟ್‌ಲ್ಯಾಂಡ್‌ನಲ್ಲಿ ನಡೆದು 2015ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ನಿಜ ಚಿಕಿತ್ಸೆ ಪಡೆದ ಶೇ 56 ಮಂದಿಗೆ, ನಕಲಿ ಪಡೆದ ಶೇ 22 ಮಂದಿಗೆ ಉಪಶಮನವಾಗಿತ್ತು. 2017ರಲ್ಲಿ ಜರ್ಮನಿಯ ಹಲವು ಕೇಂದ್ರಗಳ ದೊಡ್ಡ ಪ್ರಯೋಗ ಬಂತು. ಅದರಲ್ಲಿ ನಿಜಕ್ಕೂ ನಕಲಿಗೂ ವ್ಯತ್ಯಾಸವೇ ಕಾಣಲಿಲ್ಲ. ನನ್ನ ಆಸೆ ಪೋರ್ಟ್‌ಲ್ಯಾಂಡ್ ಕಡೆಗಿದೆ, ತೂಕ ಜರ್ಮನಿಯ ಕಡೆಗಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನೆತ್ತಿಯ ಮೇಲೆ ಸಣ್ಣ ವಿದ್ಯುತ್ ಹರಿಸುವ ಚಿಕಿತ್ಸೆಯ ಅಧ್ಯಯನಗಳು ಆಗಿವೆ. ಅವು ಸ್ಕಿಜೋಫ್ರೇನಿಯಾದಲ್ಲಿ ಕೇಳಿಸುವ ಮಾತುಗಳಿಗೆ ಸಂಬಂಧಿಸಿದವು. ಅವನ್ನು ತೋರಿಸಿ ಮೊರೆತಕ್ಕೂ ಮದ್ದು ಸಿಕ್ಕಿತೆನ್ನುವುದು ಸರಿಯಲ್ಲ.

ಲಾರಿಯ ಹಿರಿಯರಿಗೆ ನಾನು ಹೇಳಿದ್ದು ಇಷ್ಟೇ: ಮ್ಯಾಗ್ನೆಟ್ಟಿಗೆ ಸಾಲ ಮಾಡಬೇಡಿ, ಮೊದಲು ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ವಾಕ್ ಶ್ರವಣ ಸಂಸ್ಥೆಗೆ ಹೋಗಿ ಕಿವಿ ಪರೀಕ್ಷೆ ಮಾಡಿಸಿ. ಕೇಳ್ಮೆ ಕುಗ್ಗಿದ್ದವರಲ್ಲಿ ಹಲವರಿಗೆ ಶ್ರವಣಯಂತ್ರ ಹಾಕಿದರೆ ಹೊರಗಿನ ಸದ್ದು ಮರಳಿ, ಒಳಗಿನ ಕಾಟ ತಗ್ಗುತ್ತದೆ. ಮೊರೆತದ ಸಂಕಟ, ನಿದ್ದೆಗೇಡು ತಗ್ಗಿಸುವುದರಲ್ಲಿ ಅರಿವು-ವರ್ತನೆ ಚಿಕಿತ್ಸೆಗೆ ಗಟ್ಟಿ ಆಧಾರವಿದೆ. ಒಂದೇ ಕಿವಿಯಲ್ಲಿ ಮೊರೆತವಿದ್ದರೆ, ನಾಡಿಯ ಲಯಕ್ಕೆ ಬಡಿದರೆ, ತಟ್ಟನೆ ಕಿವುಡಾದರೆ ತಡಮಾಡದೆ ವೈದ್ಯರನ್ನು ಕಾಣಬೇಕು. ಮೂರ್ಛೆರೋಗ ಇರುವವರು, ತಲೆಯೊಳಗೆ ಲೋಹ ಅಥವಾ ಕಾಕ್ಲಿಯರ್ ಇಂಪ್ಲಾಂಟ್ ಇರುವವರು ಆ ವಿಷಯವನ್ನು ಮುಚ್ಚಿಟ್ಟು ಸುರುಳಿಗೆ ತಲೆಯೊಡ್ಡಬಾರದು.