ಯೋಧರಿಗೊಂದು ಕನ್ನಡ ಪತ್ರ: ಗಡಿನಾಡಿನ ಮಕ್ಕಳು ಬರೆಯುವುದೇಕೆ, ಕಳುಹಿಸುವುದು ಹೇಗೆ?

ಸ್ವಾತಂತ್ರ್ಯೋತ್ಸವ, ಗಣರಾಜ್ಯೋತ್ಸವ, ಜುಲೈ 26ರ ಕಾರ್ಗಿಲ್ ವಿಜಯ ದಿವಸ, ಡಿಸೆಂಬರ್ 7ರ ಸಶಸ್ತ್ರ ಪಡೆಗಳ ಧ್ವಜ ದಿನ ಬಂದಾಗಲೆಲ್ಲ ನಮ್ಮ ಶಾಲೆಗಳಲ್ಲಿ ಯೋಧರ ಸ್ಮರಣೆ ನಡೆಯುತ್ತದೆ. ಭಾಷಣವಾಗುತ್ತದೆ, ದೇಶಭಕ್ತಿಗೀತೆಯಾಗುತ್ತದೆ, ಸಿಹಿ ಹಂಚಲಾಗುತ್ತದೆ. ಆದರೆ ಇವೆಲ್ಲ ಶಾಲೆಯ ಅಂಗಳದಲ್ಲಿಯೇ ಮುಗಿಯುತ್ತವೆ. ನಾವು ಯಾರನ್ನು ಸ್ಮರಿಸಿದೆವೋ ಅವರಿಗೆ ಅದರ ಸುಳಿವೂ ಇರುವುದಿಲ್ಲ. ಗಡಿ ಕಾಯುತ್ತಿರುವವರಿಗೆ ಮಕ್ಕಳು ತಮ್ಮ ಕೈಯಾರೆ ಕೃತಜ್ಞತಾ ಪತ್ರ ಬರೆದು ಕಳುಹಿಸುವ ಪರಿಪಾಠ ಈ ಕೊರತೆಯನ್ನು ನೀಗಿಸುತ್ತದೆ. 2016ರ ದೀಪಾವಳಿಯ ಸಂದರ್ಭದಲ್ಲಿ ಯೋಧರಿಗೆ ಸಂದೇಶ ಕಳುಹಿಸುವಂತೆ ಪ್ರಧಾನಿಯವರು ದೇಶದ ಜನತೆಗೆ ಕರೆ ನೀಡಿದ್ದರು. ರಕ್ಷಾಬಂಧನದ ವೇಳೆ ರಾಖಿಯೊಡನೆ ಪತ್ರ ಕಳುಹಿಸುವ ಶಾಲೆಗಳೂ ದೇಶದಲ್ಲಿ ಹಲವಿವೆ. ಈ ಕಾರ್ಯವನ್ನು ಗಡಿನಾಡಿನ ಕನ್ನಡ ಮಾಧ್ಯಮ ಶಾಲೆಗಳು ಕನ್ನಡದಲ್ಲಿಯೇ ಕೈಗೊಳ್ಳಬೇಕೆಂಬುದು ನಮ್ಮ ಅಭಿಪ್ರಾಯ. ಅದಕ್ಕೆ ಕಾರಣವೇನು, ಮಾಡುವ ಬಗೆ ಹೇಗೆ ಎಂಬುದನ್ನು ಇಲ್ಲಿ ವಿವರಿಸಿದ್ದೇವೆ.

ಕನ್ನಡದಲ್ಲಿ ಬರೆದರೆ ಓದುವವರು ಯಾರು?

ಪಾಲಕರು ಮೊದಲು ಕೇಳುವ ಪ್ರಶ್ನೆಯೇ ಇದು. ಸೈನ್ಯವೆಂದರೆ ಹಿಂದಿ, ಇಂಗ್ಲಿಷ್. ಅಲ್ಲಿಗೆ ಕನ್ನಡ ಪತ್ರ ಹೋಗಿ ಪ್ರಯೋಜನವೇನು ಎಂಬ ಸಂದೇಹ ಸಹಜ. ಆದರೆ ವಾಸ್ತವ ಬೇರೆಯಿದೆ. ನೀಲಗಿರಿಯ ವೆಲ್ಲಿಂಗ್ಟನ್‌ನಲ್ಲಿ ಕೇಂದ್ರವನ್ನು ಹೊಂದಿರುವ ಮದ್ರಾಸ್ ರೆಜಿಮೆಂಟ್‌ಗೆ ದಕ್ಷಿಣದ ರಾಜ್ಯಗಳ ಯುವಕರು ಸೇರುತ್ತಾರೆ. ಮರಾಠಾ ಲಘು ಪದಾತಿ ದಳದ ಕೇಂದ್ರವಿರುವುದು ಬೆಳಗಾವಿಯಲ್ಲಿ. ಮದ್ರಾಸ್ ಎಂಜಿನಿಯರ್ ಗ್ರೂಪ್‌ನ ಕೇಂದ್ರ ಬೆಂಗಳೂರಿನಲ್ಲಿದೆ. ಕನ್ನಡ ಓದಬಲ್ಲ ಯೋಧರು ಹಿಮಾಲಯದ ಠಾಣೆಗಳಲ್ಲಿ ಇಂದಿಗೂ ಇದ್ದಾರೆ.

ಒಂದು ಘಟನೆಯನ್ನು ನೆನಪಿಸಿಕೊಳ್ಳೋಣ. 2016ರ ಫೆಬ್ರುವರಿ 3ರಂದು ಸಿಯಾಚಿನ್‌ನಲ್ಲಿ ಸುಮಾರು 19,600 ಅಡಿ ಎತ್ತರದ ಠಾಣೆಯೊಂದರ ಮೇಲೆ ಹಿಮರಾಶಿ ಕುಸಿದು ಮದ್ರಾಸ್ ರೆಜಿಮೆಂಟಿನ 19ನೇ ಬೆಟಾಲಿಯನ್ನಿನ ಹತ್ತು ಮಂದಿ ಹೂತುಹೋದರು. ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರು ಆರು ದಿನಗಳ ಬಳಿಕ ಜೀವಂತವಾಗಿ ದೊರೆತು, ಫೆಬ್ರುವರಿ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದರು. ಕನ್ನಡಿಗರೆಲ್ಲರಿಗೂ ಇದು ನೆನಪಿದೆ. ಉಳಿದ ಒಂಬತ್ತು ಮಂದಿ ಯಾವ ಊರುಗಳವರೆಂಬುದನ್ನು ನಾವು ಅಷ್ಟಾಗಿ ಗಮನಿಸಿಲ್ಲ. ಆ ಹತ್ತು ಮಂದಿಯಲ್ಲಿ ನಾಲ್ವರು ತಮಿಳುನಾಡಿನವರು, ಮೂವರು ಕರ್ನಾಟಕದವರು. ಕೇರಳ, ಆಂಧ್ರಪ್ರದೇಶ ಮತ್ತು ಮಹಾರಾಷ್ಟ್ರದಿಂದ ಒಬ್ಬೊಬ್ಬರು.

ಕಾಸರಗೋಡು, ತಾಳವಾಡಿ, ಅಕ್ಕಲಕೋಟೆ, ಜತ್ತ, ಮಡಕಶಿರಾಗಳ ಕನ್ನಡಿಗರು ಬಾಳುತ್ತಿರುವುದು ಇವೇ ರಾಜ್ಯಗಳಲ್ಲಿ. ಒಂದೇ ಠಾಣೆಯಲ್ಲಿ, ಒಂದೇ ಹಿಮದಡಿಯಲ್ಲಿ ಈ ಎಲ್ಲ ನಾಡುಗಳ ಮಕ್ಕಳಿದ್ದರು. ಕಾಸರಗೋಡಿನ ನಮ್ಮ ಮಗು ಕನ್ನಡದಲ್ಲಿಯೂ ಬರೆಯಬಲ್ಲದು, ಮಲಯಾಳದಲ್ಲಿಯೂ ನಾಲ್ಕು ಸಾಲು ಬರೆಯಬಲ್ಲದು. ಜತ್ತದ ಮಗು ಕನ್ನಡ, ಮರಾಠಿ ಎರಡನ್ನೂ ಬಲ್ಲದು. ಆದವಾನಿಯ ಮಗು ಕನ್ನಡ, ತೆಲುಗುಗಳನ್ನು. ಗಡಿನಾಡಿನಲ್ಲಿ ಹುಟ್ಟಿದ್ದರಿಂದ ಮಗುವಿಗೆ ಎರಡು ಭಾಷೆಗಳ ಹೊರೆ ಬಿತ್ತೆಂದು ಮರುಗುವ ಪಾಲಕರುಂಟು. ಒಂದೇ ಬೆಟಾಲಿಯನ್ನಿಗೆ ಎರಡು ತಾಯ್ನುಡಿಗಳಲ್ಲಿ ಕೃತಜ್ಞತೆ ಹೇಳಬಲ್ಲವರು ಇದೇ ಮಕ್ಕಳು. ದೊಡ್ಡ ನಗರದ ದೊಡ್ಡ ಶಾಲೆಯ ಮಕ್ಕಳಿಗೆ ಇದು ಸುಲಭಸಾಧ್ಯವಲ್ಲ.

ಊರಿನ ಹೆಸರಿಲ್ಲದ ವಿಳಾಸ

ಯೋಧರ ಅಂಚೆವ್ಯವಸ್ಥೆ ಮಕ್ಕಳಿಗೆ ತಿಳಿಸಲೇಬೇಕಾದ ಸೊಗಸಾದ ಪಾಠ. ರಣಭೂಮಿಯಲ್ಲಿರುವ ಯೋಧನ ವಿಳಾಸದಲ್ಲಿ ಊರಿನ ಹೆಸರಿರುವುದಿಲ್ಲ. ಅವನ ಸೇವಾ ಸಂಖ್ಯೆ, ದರ್ಜೆ, ಹೆಸರು, ಘಟಕ, ಆ ಬಳಿಕ ‘ಕೇರ್ ಆಫ್ 56 ಎಪಿಒ’ ಅಥವಾ ‘ಕೇರ್ ಆಫ್ 99 ಎಪಿಒ’ ಎಂದಷ್ಟೇ ಬರೆಯುತ್ತಾರೆ. ಎಪಿಒ ಎಂದರೆ ಸೇನಾ ಅಂಚೆ ಕಚೇರಿ. 56ರ ಪತ್ರಗಳು ದೆಹಲಿಯಲ್ಲಿರುವ ಕೇಂದ್ರ ಮೂಲ ಅಂಚೆ ಕಚೇರಿಗೂ 99ರ ಪತ್ರಗಳು ಕೋಲ್ಕತ್ತದಲ್ಲಿರುವ ಕಚೇರಿಗೂ ಹೋಗುತ್ತವೆ. ಯಾವ ಘಟಕ ಸದ್ಯ ಎಲ್ಲಿದೆಯೆಂಬುದು ಸೇನೆಯ ಅಂಚೆ ಸಿಬ್ಬಂದಿಗೆ ತಿಳಿದಿರುತ್ತದೆ. ಅವರು ಪತ್ರಗಳನ್ನು ವಿಂಗಡಿಸಿ ಸೇನಾ ಕ್ಷೇತ್ರದ ಅಂಚೆ ಕಚೇರಿಗಳ ಮೂಲಕ ಮುಂದಿನ ಠಾಣೆಗಳಿಗೆ ಮುಟ್ಟಿಸುತ್ತಾರೆ. ಘಟಕವೊಂದು ಮರುಭೂಮಿಯಿಂದ ಹಿಮಬೆಟ್ಟಕ್ಕೆ ತೆರಳಿದರೂ ಮನೆಯವರು ವಿಳಾಸದಲ್ಲಿ ಹೊಸ ಊರನ್ನು ಬರೆಯಬೇಕಾಗಿಲ್ಲ. ಯೋಧ ಎಲ್ಲಿದ್ದಾನೆಂಬ ಗುಟ್ಟೂ ಹೊರಬೀಳುವುದಿಲ್ಲ.

ಪಿನ್ ಕೋಡ್ ಕೂಡ ಇದನ್ನೇ ಹೇಳುತ್ತದೆ. 1972ರ ಆಗಸ್ಟ್ 15ರಂದು ಜಾರಿಗೆ ಬಂದ ಆರಂಕಿಯ ಪಿನ್ ಕೋಡ್‌ನಲ್ಲಿ ಮೊದಲ ಅಂಕಿ ದೇಶದ ಒಂದೊಂದು ವಲಯವನ್ನು ಸೂಚಿಸುತ್ತದೆ. ನಮ್ಮ ಕರ್ನಾಟಕ, ಆಂಧ್ರ, ತೆಲಂಗಾಣಗಳದು 5. ಕೇರಳ, ತಮಿಳುನಾಡುಗಳದು 6. ಮಹಾರಾಷ್ಟ್ರ, ಗೋವಾಗಳದು 4. ಒಂಬತ್ತರಿಂದ ಆರಂಭವಾಗುವ ಪಿನ್ ಯಾವ ರಾಜ್ಯದ್ದೂ ಅಲ್ಲ, ಅದು ಸೇನೆಯ ಅಂಚೆಗೆ ಮೀಸಲು. ಸೇನಾ ಅಂಚೆ ಸೇವೆ ಪ್ರತ್ಯೇಕ ದಳವಾಗಿ ರೂಪುಗೊಂಡದ್ದೂ ಅದೇ 1972ರಲ್ಲಿ, ಮಾರ್ಚ್ 1ರಂದು.

ಇಲ್ಲೊಂದು ಮಾತನ್ನು ಗಮನಿಸಬೇಕು. ಹೊದಿಕೆಯ ಮೇಲಿನ ವಿಳಾಸವನ್ನು ಇಂಗ್ಲಿಷಿನಲ್ಲಿ ಸ್ಫುಟವಾಗಿ ಬರೆಯುವುದು ಒಳಿತು. ಅದನ್ನು ವಿಂಗಡಿಸುವವರು ಕನ್ನಡ ಬಲ್ಲವರೇ ಆಗಿರುವುದಿಲ್ಲ. ಒಳಗಿನ ಪತ್ರ ಮಾತ್ರ ಕನ್ನಡದ್ದಾಗಿರಲಿ. ಓದುವ ಯೋಧರಿಗೆ ಕನ್ನಡ ಬರುವುದೋ ಇಲ್ಲವೋ ಎಂಬ ಅನುಮಾನವಿದ್ದರೆ ಕೆಳಗೆ ಹಿಂದಿಯಲ್ಲೋ ನೆರೆಭಾಷೆಯಲ್ಲೋ ಎರಡು ಸಾಲಿನ ಸಾರಾಂಶವನ್ನು ಸೇರಿಸಬಹುದು.

ವಿಳಾಸ ದೊರೆಯುವುದೆಲ್ಲಿ?

‘ಗಡಿಯ ಯೋಧರಿಗೆ’ ಎಂದಷ್ಟೇ ಬರೆದು ಅಂಚೆಪೆಟ್ಟಿಗೆಗೆ ಹಾಕಿದರೆ ಪತ್ರ ತಲುಪದು. ಘಟಕದ ವಿಳಾಸ ಅಗತ್ಯ. ಅದನ್ನು ಪಡೆಯಲು ಮೂರು ದಾರಿಗಳಿವೆ. ಮೊದಲನೆಯದು, ನಮ್ಮ ಊರಿನಲ್ಲಿಯೇ ಇರುವ ನಿವೃತ್ತ ಯೋಧರು ಮತ್ತು ಸೇವೆಯಲ್ಲಿರುವವರ ಮನೆಯವರು. ಅವರ ಒಪ್ಪಿಗೆ ಪಡೆದು, ಅವರ ಮೂಲಕವೇ ಪತ್ರಗಳ ಕಟ್ಟನ್ನು ಕಳುಹಿಸುವುದು ಅತ್ಯುತ್ತಮ. ಎರಡನೆಯದು, ಜಿಲ್ಲಾ ಸೈನಿಕ ಕಲ್ಯಾಣ ಕಚೇರಿ. ರಾಜ್ಯದಿಂದ ರಾಜ್ಯಕ್ಕೆ ಹೆಸರು ತುಸು ಬದಲಾದರೂ ಮಾಜಿ ಯೋಧರ ಹಿತಕ್ಕಾಗಿರುವ ಇಂತಹ ಕಚೇರಿಗಳು ಜಿಲ್ಲೆಗಳಲ್ಲಿವೆ. ಮುಖ್ಯೋಪಾಧ್ಯಾಯರ ಮನವಿಯೊಂದಿಗೆ ಅಲ್ಲಿ ವಿಚಾರಿಸಬಹುದು. ಮೂರನೆಯದು, ಹತ್ತಿರದ ಪ್ರೌಢಶಾಲೆ ಅಥವಾ ಕಾಲೇಜಿನ ಎನ್‌ಸಿಸಿ ಘಟಕ.

ಯಾವ ದಾರಿಯಿಂದ ವಿಳಾಸ ದೊರೆತರೂ ಅದು ಶಾಲೆಯ ಕಡತದಲ್ಲಿರಬೇಕು. ಪಾಲಕರ ವಾಟ್ಸ್ಆ್ಯಪ್ ಗುಂಪಿನಲ್ಲಿ ಯೋಧರ ಹೆಸರು, ಘಟಕ, ಭಾವಚಿತ್ರಗಳನ್ನು ಹಂಚುವುದು ಸರ್ವಥಾ ಸಲ್ಲದು. ಹಾಗೆಯೇ ಮಗುವಿನ ಮನೆಯ ವಿಳಾಸವಾಗಲಿ ದೂರವಾಣಿ ಸಂಖ್ಯೆಯಾಗಲಿ ಪತ್ರದಲ್ಲಿರಬಾರದು. ಮಗುವಿನ ಹೆಸರು, ತರಗತಿ, ಶಾಲೆಯ ವಿಳಾಸ ಇಷ್ಟು ಸಾಕು. ಉತ್ತರ ಬಂದರೆ ಶಾಲೆಗೇ ಬರಲಿ.

ಏನು ಬರೆಯಬೇಕು?

ಕರಿಹಲಗೆಯ ಮೇಲೆ ಮಾದರಿ ಪತ್ರ ಬರೆದು ನಲವತ್ತು ಮಕ್ಕಳಿಂದ ನಕಲು ಮಾಡಿಸಿದರೆ ನಲವತ್ತು ಹಾಳೆಗಳಾಗುತ್ತವೆಯೇ ಹೊರತು ಒಂದು ಪತ್ರವೂ ಆಗುವುದಿಲ್ಲ. ಒಕ್ಕಣೆಯ ಕ್ರಮವನ್ನು ಕಲಿಸೋಣ: ಬಲಗಡೆ ಸ್ಥಳ, ದಿನಾಂಕ, ಆರಂಭದಲ್ಲಿ ಸಂಬೋಧನೆ, ನಮಸ್ಕಾರ, ‘ನಾವೆಲ್ಲರೂ ಇಲ್ಲಿ ಕ್ಷೇಮ’ ಎಂಬ ಮಾತು, ಕೊನೆಗೆ ‘ಇಂತಿ’. ನಡುವಿನದನ್ನು ಮಗುವಿಗೇ ಬಿಡೋಣ. ‘ಮಾನ್ಯ ಯೋಧರೇ’ ಎಂದು ಬರೆಯಲಿ, ಇಲ್ಲವೇ ಮನೆಯಲ್ಲಿ ಕರೆಯುವಂತೆ ಅಣ್ಣ, ಮಾಮ, ಕಾಕಾ ಎಂದೇ ಕರೆಯಲಿ. ಸೇನೆಯಲ್ಲಿ ಮಹಿಳೆಯರೂ ಇದ್ದಾರೆ, ಅವರಿಗೆ ಅಕ್ಕ ಎನ್ನಲಿ.

ಯೋಧರಿಗೆ ಘೋಷಣೆಗಳು ಹೊಸವಲ್ಲ. ಅವರಿಗೆ ದೊರೆಯದಿರುವುದು ಊರಿನ ಸುದ್ದಿ. ಈ ಸಲದ ಮಳೆಗೆ ಅಡಿಕೆಗೆ ಕೊಳೆರೋಗ ಬಂತೇ, ಜೋಳದ ತೆನೆ ಹಾಲುಗಾಳಿಗೆ ಬಂತೇ, ಶೇಂಗಾ ಕಿತ್ತಾಯಿತೇ, ತಾಳವಾಡಿಯ ಹೊಲಕ್ಕೆ ಆನೆ ಬಂತೇ, ಬಯಲಾಟಕ್ಕೆ ಊರು ಸೇರಿತೇ, ಜಾತ್ರೆಯ ತೇರು ಎಳೆದಾಯಿತೇ ಎಂಬುದನ್ನು ಬರೆಯಲಿ. ಪುಟ್ಟ ಮಕ್ಕಳು ಚಿತ್ರ ಬಿಡಿಸಲಿ. ‘ನೀವು ಅಲ್ಲಿ ಎಚ್ಚರವಾಗಿರುವುದರಿಂದ ನಾವು ಇಲ್ಲಿ ನಿಶ್ಚಿಂತೆಯಿಂದ ಶಾಲೆಗೆ ಹೋಗುತ್ತಿದ್ದೇವೆ’ ಎಂಬ ಒಂದು ವಾಕ್ಯದಲ್ಲಿ ಕೃತಜ್ಞತೆ ಪೂರ್ಣವಾಗುತ್ತದೆ.

ಬರೆಯಬಾರದ ಸಂಗತಿಗಳೂ ಇವೆ. ಎಲ್ಲಿದ್ದೀರಿ, ಎಷ್ಟು ಮಂದಿ ಇದ್ದೀರಿ, ಯಾವ ಆಯುಧವಿದೆ ಎಂದು ಕೇಳಬಾರದು. ಎಷ್ಟು ಶತ್ರುಗಳನ್ನು ಕೊಂದಿರಿ ಎಂಬ ಪ್ರಶ್ನೆ ಮಗುವಿಗೆ ಮುಗ್ಧವೆನಿಸಬಹುದು, ಓದುವವರಿಗೆ ಹಾಗಿರುವುದಿಲ್ಲ. ಯಾವುದೇ ಧರ್ಮ, ಭಾಷೆ, ದೇಶಗಳ ಜನರನ್ನು ಹೀಯಾಳಿಸುವ ಮಾತು ಕೃತಜ್ಞತೆಯ ಪತ್ರದಲ್ಲಿ ಸಲ್ಲದು. ಲಕೋಟೆಯೊಳಗೆ ತಿಂಡಿ, ಹಣ ಇಡಬಾರದು. ಉತ್ತರ ಬಂದೇ ಬರುವುದೆಂದು ಮಕ್ಕಳಿಗೆ ಭರವಸೆ ಕೊಡಲೂಬಾರದು.

ಒತ್ತಾಯವಿಲ್ಲದೆ, ಬಹುಮಾನವಿಲ್ಲದೆ

ಇದು ಸ್ವಯಂಪ್ರೇರಣೆಯ ಕೆಲಸ. ಅಂಕಗಳ ಆಮಿಷ, ಸ್ಪರ್ಧೆ, ಪತ್ರಿಕೆಯಲ್ಲಿ ಬರುವ ಗುಂಪುಚಿತ್ರ ಇವು ಸೇರಿದೊಡನೆ ಮಗು ಬರೆಯುವುದು ಯೋಧನಿಗಲ್ಲ, ಬಹುಮಾನಕ್ಕೆ. ತರಗತಿಯಲ್ಲಿ ಸೇನೆಯಲ್ಲಿದ್ದ ತಂದೆಯನ್ನೋ ಬಂಧುವನ್ನೋ ಕಳೆದುಕೊಂಡ ಮಗು ಇರಬಹುದು. ಅಂತಹ ಮಗು ಬರೆಯದೆ ಕುಳಿತರೆ ಪ್ರಶ್ನಿಸದಿರೋಣ.

ಶಾಲೆಯಲ್ಲಿ ನಮ್ಮ ಮಕ್ಕಳು ಕಲಿಯುವ ಪತ್ರಲೇಖನ ಬಹುಪಾಲು ರಜೆಯ ಅರ್ಜಿ ಮತ್ತು ಪರೀಕ್ಷೆಯ ಉತ್ತರವಾಗಿ ಉಳಿದಿದೆ. ಅದನ್ನು ಓದುವವರು ಕೆಂಪು ಶಾಯಿಯ ಲೇಖನಿ ಹಿಡಿದ ನಾವು ಮಾತ್ರ. ಹೊರಗಿನ ಕಚೇರಿ, ಫಲಕ, ಅರ್ಜಿಗಳೆಲ್ಲ ಬೇರೊಂದು ಭಾಷೆಯಲ್ಲಿರುವ ಊರುಗಳಲ್ಲಿ, ‘ನಾನು ಬರೆದ ಕನ್ನಡವನ್ನು ಯಾರು ಓದುತ್ತಾರೆ?’ ಎಂಬ ಪ್ರಶ್ನೆ ಮಗುವಿನ ಮನಸ್ಸಿನಲ್ಲಿ ಮೂಡುವುದು ಸಹಜ. ಕನ್ನಡ ಶಾಲೆಗಳನ್ನು ತೊರೆಯುವ ನಿರ್ಧಾರಗಳ ಹಿಂದೆಯೂ ಬಹಳಷ್ಟು ಸಲ ಇದೇ ಪ್ರಶ್ನೆ ಅಡಗಿರುತ್ತದೆ. ಮಗು ಬರೆದ ಕನ್ನಡವನ್ನು ಕಾದು ಓದುವ ಒಬ್ಬ ಮನುಷ್ಯ ದೂರದ ಬೆಟ್ಟದ ಮೇಲಿದ್ದಾನೆಂದು ತೋರಿಸಿಕೊಡುವುದು ಆ ಪ್ರಶ್ನೆಗೆ ನಾವು ಕೊಡಬಹುದಾದ ಪ್ರಾಮಾಣಿಕ ಉತ್ತರಗಳಲ್ಲೊಂದು.

ಡಿಸೆಂಬರ್ 7ರ ಧ್ವಜ ದಿನಕ್ಕೆ ಪತ್ರ ತಲುಪಬೇಕಾದರೆ ನವೆಂಬರ್ ಮೊದಲ ವಾರದಲ್ಲಿಯೇ ವಿಳಾಸ ವಿಚಾರಿಸಿ, ಕನ್ನಡ ರಾಜ್ಯೋತ್ಸವದ ತಿಂಗಳಿನಲ್ಲಿಯೇ ಬರೆಯಿಸಿ ಅಂಚೆಗೆ ಹಾಕುವುದು ಅನುಕೂಲ. ಪಾಲಕರು ಮುಂದಿನ ಶಾಲಾ ಸಭೆಯಲ್ಲಿ ಈ ವಿಷಯವನ್ನು ಪ್ರಸ್ತಾಪಿಸಬೇಕೆಂದು ನಮ್ಮ ವಿನಂತಿ.